ಲಾಠಿ ಹಿಡಿಯದ ಪೊಲೀಸ್, ಸಹಿ ಹಾಕಿದ ಮಂತ್ರಿ

ಕಳೆದ ವರ್ಷ ಕಂಪನಿ ಕೆಲಸದ ಮೇಲೆ ಮೂರು ವಾರ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದೆ. ಪುಣೆಯಿಂದ ಹೊರಡುವಾಗ ಆ ಊರಿನ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ಸಂಗತಿ. ಕ್ಲೈಂಟ್ ಆಫೀಸು ಅಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ನಾಯಕರ ವಿಚಾರಣೆ ನಡೆದದ್ದೂ ಅಲ್ಲೇ. ಒಂದು ಭಾನುವಾರ ಬಿಡುವು ಸಿಕ್ಕಿತು. ಮೆಟ್ರೊ ಹಿಡಿದು ಆ ನ್ಯಾಯಾಲಯದ ಕಟ್ಟಡಕ್ಕೆ ಹೋದೆ. 600ನೇ ನಂಬರಿನ ಕೋರ್ಟ್ ಹಾಲ್ ಇಂದಿಗೂ ಇದೆ. ಅದರ ಮೇಲಿನ ಅಂತಸ್ತಿನಲ್ಲಿ ಮ್ಯೂಸಿಯಂ ಇದೆ.

ಆರೋಪಿಗಳ ಕಟಕಟೆಯ ಫೋಟೊ ನೋಡುತ್ತಾ ನಿಂತೆ. ಮುಂದಿನ ಸಾಲಿನ ತುದಿಯಲ್ಲಿ ಗೋರಿಂಗ್. ಅವನನ್ನು ಯಾರೂ ಗುರುತಿಸುತ್ತಾರೆ. ಅದೇ ಸಾಲಿನಲ್ಲಿ ಚೌಕುಳಿ ಕೋಟು ತೊಟ್ಟ, ಕೂದಲನ್ನು ಗಿಡ್ಡವಾಗಿ ಕತ್ತರಿಸಿದ್ದ ಒಬ್ಬ ಮುದುಕ. ನೋಡಿದರೆ ನಮ್ಮೂರಿನ ರಿಟೈರ್ಡ್ ಹೆಡ್‌ಮಾಸ್ತರರಂತೆ ಇದ್ದ. ಹೆಸರು ವಿಲ್ಹೆಲ್ಮ್ ಫ್ರಿಕ್. ಮ್ಯೂನಿಕ್ ನಗರದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಟ್ಲರನ ಗೃಹ ಸಚಿವನಾಗಿದ್ದವನು. ಆ ಮುಖ ನನ್ನನ್ನು ಬಿಡಲಿಲ್ಲ. ಪುಣೆಗೆ ಬಂದ ಮೇಲೂ ಅವನ ಬಗ್ಗೆ ಓದುತ್ತಲೇ ಹೋದೆ. ಅದಕ್ಕೆ ನನ್ನದೇ ಒಂದು ಕಾರಣ ಉಂಟು, ಕೊನೆಗೆ ಹೇಳುತ್ತೇನೆ.

ಫ್ರಿಕ್ ಹುಟ್ಟಿದ್ದು 1877ರ ಮಾರ್ಚ್ 12ರಂದು, ಅಲ್ಸೆಂಜ್ ಎಂಬ ಸಣ್ಣ ಊರಿನಲ್ಲಿ. ತಂದೆ ಶಾಲಾ ಮೇಷ್ಟರು. ಹುಡುಗ ಚೆನ್ನಾಗಿ ಓದಿ, 1901ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಕಾನೂನಿನಲ್ಲಿ ಡಾಕ್ಟರೇಟ್ ಪಡೆದ. ಬವೇರಿಯಾ ಸರ್ಕಾರದ ನೌಕರಿ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ದೇಹದಾರ್ಢ್ಯ ಸಾಲದೆಂದು ಸೈನ್ಯ ಅವನನ್ನು ತೆಗೆದುಕೊಳ್ಳಲಿಲ್ಲ. 1917ರಲ್ಲಿ ಮ್ಯೂನಿಕ್ ಪೊಲೀಸ್ ಕಚೇರಿಗೆ ಬಂದ. ಆಗ ವಯಸ್ಸು ನಲವತ್ತು. ಅಲ್ಲಿಯವರೆಗಿನ ಬದುಕಿನಲ್ಲಿ ಬರೆಯುವಂಥದ್ದು ಏನೂ ಇಲ್ಲ. ನಮ್ಮ ಮನೆಗಳಲ್ಲಿ ಹುಡುಗ ಸೆಟ್ಲ್ ಆದ ಅನ್ನುತ್ತಾರಲ್ಲ, ಅಂಥ ಬದುಕು.

1918ರಲ್ಲಿ ಜರ್ಮನಿ ಯುದ್ಧ ಸೋತಿತು. ಮ್ಯೂನಿಕ್‌ನಲ್ಲಿ ಕ್ರಾಂತಿ, ಪ್ರತಿಕ್ರಾಂತಿ, ಬೀದಿ ಕಾಳಗಗಳು ನಡೆದವು. ಆ ಗಲಭೆಯ ಬೆನ್ನಿಗೇ ಫ್ರಿಕ್ ರಾಜಕೀಯ ಪೊಲೀಸ್ ವಿಭಾಗದ ಮುಖ್ಯಸ್ಥನಾದ. ಸಭೆಗಳಿಗೆ, ಪೋಸ್ಟರುಗಳಿಗೆ ಅನುಮತಿ ಕೊಡುವುದು, ಯಾವ ಪಕ್ಷದಿಂದ ಅಪಾಯವಿದೆ ಎಂದು ನೋಡುವುದು ಆ ವಿಭಾಗದ ಕೆಲಸ. ಹಿಟ್ಲರ್ ಆಗ ಬಿಯರ್ ಹಾಲುಗಳಲ್ಲಿ ಭಾಷಣ ಮಾಡುತ್ತಿದ್ದ ಹೊಸ ಮುಖ. ಅವನ ಪಕ್ಷ ಇನ್ನೂ ಪುಟ್ಟದಿತ್ತು, ಮನಸ್ಸು ಮಾಡಿದ್ದರೆ ಸುಲಭವಾಗಿ ಅಡಗಿಸಬಹುದಿತ್ತು, ಆದರೆ ತಾವು ಬೇಕೆಂದೇ ಹಾಗೆ ಮಾಡಲಿಲ್ಲ. ಇದನ್ನು ಮುಂದೆ ಕೋರ್ಟಿನಲ್ಲಿ ಒಪ್ಪಿಕೊಂಡವನು ಸ್ವತಃ ಫ್ರಿಕ್.

1923ರ ನವೆಂಬರ್ 8ರ ರಾತ್ರಿ ಹಿಟ್ಲರ್ ಸರ್ಕಾರ ಉರುಳಿಸಲು ಹೊರಟಾಗ ಫ್ರಿಕ್ ಪೊಲೀಸ್ ಕೇಂದ್ರ ಕಚೇರಿಯಲ್ಲೇ ಇದ್ದ. ಪೊಲೀಸರು ಬೀದಿಗಿಳಿಯದಂತೆ ತಡೆದದ್ದು ಅವನ ಪಾಲಿನ ಕೆಲಸ. ಬಂಡಾಯ ಮರುದಿನವೇ ಕುಸಿಯಿತು. ಫ್ರಿಕ್ ಜೈಲು ಸೇರಿದ. 1924ರ ವಿಚಾರಣೆಯಲ್ಲಿ 15 ತಿಂಗಳ ಶಿಕ್ಷೆಯಾಯಿತು, ಅದನ್ನೂ ಅಮಾನತಿನಲ್ಲಿಟ್ಟು ಬಿಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಆತ ಸಂಸತ್ ಸದಸ್ಯ. ಸರ್ಕಾರ ಉರುಳಿಸಲು ಹೋದ ಪೊಲೀಸ್ ಕೆಲವೇ ವಾರಗಳಲ್ಲಿ ಕಾನೂನು ಮಾಡುವ ಸಭೆಯೊಳಗೆ ಕೂತಿದ್ದ.

1930ರ ಜನವರಿಯಲ್ಲಿ ಥುರಿಂಗಿಯಾ ರಾಜ್ಯದಲ್ಲಿ ಫ್ರಿಕ್‌ಗೆ ಗೃಹ ಮತ್ತು ಶಿಕ್ಷಣ ಖಾತೆ ಸಿಕ್ಕಿತು. ಜರ್ಮನಿಯ ಯಾವುದೇ ರಾಜ್ಯದಲ್ಲಿ ಮಂತ್ರಿಯಾದ ಮೊದಲ ನಾಜಿ ಆತ. ಹದಿನಾಲ್ಕು ತಿಂಗಳಷ್ಟೇ ಇದ್ದ. ಅಷ್ಟರಲ್ಲೇ ಪೊಲೀಸ್ ಇಲಾಖೆಯಿಂದ ತನಗಾಗದವರನ್ನು ಹೊರಹಾಕಿದ, ಯೇನಾ ವಿಶ್ವವಿದ್ಯಾಲಯದಲ್ಲಿ ಜನಾಂಗ ಸಿದ್ಧಾಂತಕ್ಕಾಗಿ ಒಂದು ಪ್ರಾಧ್ಯಾಪಕ ಪೀಠ ತೆರೆಸಿದ.

ಅದೇ ವರ್ಷದ ಇನ್ನೊಂದು ಪ್ರಸಂಗ ಓದಿದಾಗ ನನಗೆ ನಗು ಬಂತು, ಆಮೇಲೆ ಬೇಸರವಾಯಿತು. ಆಸ್ಟ್ರಿಯಾದಲ್ಲಿ ಹುಟ್ಟಿದ ಹಿಟ್ಲರ್ 1925ರಲ್ಲೇ ಆ ದೇಶದ ಪೌರತ್ವ ಬಿಟ್ಟಿದ್ದ. ಜರ್ಮನಿಯ ಪೌರತ್ವ ಸಿಕ್ಕಿರಲಿಲ್ಲ. ಅಂದರೆ ದೇಶವೇ ಇಲ್ಲದ ವಲಸಿಗ. ಸರ್ಕಾರಿ ನೌಕರಿ ಸಿಕ್ಕರೆ ಪೌರತ್ವ ತಾನಾಗಿ ಬರುತ್ತಿತ್ತು. ಫ್ರಿಕ್ ಏನು ಮಾಡಿದ ಗೊತ್ತೆ? ಹಿಲ್ಡ್‌ಬರ್ಗ್‌ಹೌಸನ್ ಎಂಬ ಪುಟ್ಟ ಊರಿಗೆ ಹಿಟ್ಲರನನ್ನು ಪೊಲೀಸ್ ಅಧಿಕಾರಿಯಾಗಿ ನೇಮಿಸುವ ಆದೇಶ ಸಿದ್ಧಪಡಿಸಿದ. ಹಿಟ್ಲರ್ ಅದನ್ನು ಒಪ್ಪಲಿಲ್ಲ. ಸುದ್ದಿ ಹೊರಬಿದ್ದಾಗ ದೇಶವೇ ನಕ್ಕಿತು. 1932ರಲ್ಲಿ ಬ್ರೌನ್‌ಶ್ವೈಗ್ ರಾಜ್ಯ ಇಂಥದ್ದೇ ಇನ್ನೊಂದು ಹುದ್ದೆ ಕೊಟ್ಟು ಕೆಲಸ ಮುಗಿಸಿತು.

1933ರ ಜನವರಿ 30ರಂದು ಹಿಟ್ಲರ್ ಪ್ರಧಾನಿಯಾದಾಗ ಸಂಪುಟದಲ್ಲಿದ್ದ ನಾಜಿಗಳು ಅವನೂ ಸೇರಿ ಮೂವರೇ. ಇನ್ನಿಬ್ಬರು ಗೋರಿಂಗ್ ಮತ್ತು ಗೃಹ ಸಚಿವ ಫ್ರಿಕ್. ಅಲ್ಲಿಂದ ಫ್ರಿಕ್‌ನ ನಿಜವಾದ ಕೆಲಸ ಶುರು. ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಸುಗ್ರೀವಾಜ್ಞೆ ಹೊರಟಿತು. ಭಾಷಣ, ಪತ್ರಿಕೆ, ಸಭೆ ಯಾವುದಕ್ಕೂ ಸ್ವಾತಂತ್ರ್ಯವಿಲ್ಲ. ಟಪಾಲು, ಟೆಲಿಫೋನಿನ ಗೋಪ್ಯತೆ ಇಲ್ಲ. ಕೋರ್ಟಿಗೆ ಒಯ್ಯದೆಯೇ ಯಾರನ್ನೂ ಕೂಡಿಹಾಕಬಹುದು. ಮಾರ್ಚ್ 23ರಂದು ಸಂಸತ್ತಿನ ಅಧಿಕಾರವನ್ನೇ ಸರ್ಕಾರಕ್ಕೆ ಒಪ್ಪಿಸುವ ಕಾನೂನು 444-94 ಮತಗಳಿಂದ ಪಾಸಾಯಿತು. ಎರಡೂ ತಯಾರಾದದ್ದು ಫ್ರಿಕ್‌ನ ಸಚಿವಾಲಯದಲ್ಲಿ.

ಏಪ್ರಿಲ್ 7ರ ಕಾನೂನು ಯಹೂದಿಗಳನ್ನೂ ವಿರೋಧಿಗಳನ್ನೂ ಸರ್ಕಾರಿ ನೌಕರಿಯಿಂದ ಹೊರದಬ್ಬಿತು. ಜುಲೈ 14ರ ಒಂದೇ ತಾರೀಖಿನಲ್ಲಿ ಮೂರು ಕಾನೂನುಗಳು ಬಂದವು. ಒಂದು, ನಾಜಿ ಪಕ್ಷ ಬಿಟ್ಟು ಬೇರೆ ಪಕ್ಷ ಇರಕೂಡದು. ಎರಡು, ಕೊಟ್ಟ ಪೌರತ್ವವನ್ನು ಸರ್ಕಾರ ವಾಪಸ್ ಕಿತ್ತುಕೊಳ್ಳಬಹುದು. ಮೂರು, ಆನುವಂಶಿಕ ಕಾಯಿಲೆ ಇದೆಯೆಂದು ಸರ್ಕಾರ ಹೇಳಿದವರಿಗೆ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆ. ಈ ಮೂರನೆಯದು ಸುಮಾರು 4 ಲಕ್ಷ ಜನರ ಮೈ ಮುಟ್ಟಿತು. ಮೂರಕ್ಕೂ ಫ್ರಿಕ್‌ನ ಸಹಿ ಇದೆ. ಮೂರು ವರ್ಷದ ಹಿಂದೆ ಒಬ್ಬ ವಲಸಿಗನಿಗೆ ಹೇಗಾದರೂ ಪೌರತ್ವ ಕೊಡಿಸಲು ಒದ್ದಾಡಿದ ಅದೇ ಕೈ ಈಗ ಬೇರೆಯವರ ಪೌರತ್ವ ಕಿತ್ತುಕೊಳ್ಳುವ ಕಾನೂನಿಗೆ ಸಹಿ ಹಾಕಿತು.

1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗ್‌ನಲ್ಲೇ ಸೇರಿದ ಸಂಸತ್ತು ಯಹೂದಿಗಳನ್ನು ಪೌರತ್ವದಿಂದ ಹೊರಗಿಡುವ ಕಾನೂನು ಮಾಡಿತು. ಕೆಳಗೆ ಹಿಟ್ಲರ್ ಮತ್ತು ಫ್ರಿಕ್, ಎರಡು ಹೆಸರು. ಯಹೂದಿ ಎಂದರೆ ಯಾರು? ನವೆಂಬರಿನ ನಿಯಮಾವಳಿ ಉತ್ತರ ಕೊಟ್ಟಿತು. ನಾಲ್ವರು ಅಜ್ಜ-ಅಜ್ಜಿಯರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀನು ಯಹೂದಿ. ಇಬ್ಬರಿದ್ದರೆ ಬೇರೆ ಲೆಕ್ಕ. ನಾನು ದಿನವೂ ಬರೆಯುವ ಇಫ್-ಎಲ್ಸ್ ಸಾಲುಗಳಂತೆಯೇ ಇದೆ ಅದು. ಯಾವ ಗೊಂದಲವೂ ಇಲ್ಲದ, ಶುದ್ಧವಾದ ತರ್ಕ.

ಇಷ್ಟೆಲ್ಲ ಮಾಡಿಕೊಟ್ಟವನ ಗತಿ ಏನಾಯಿತು? ದೇಶದ ಎಲ್ಲ ಪೊಲೀಸರೂ ತನ್ನ ಸಚಿವಾಲಯದ ಕೆಳಗೆ ಬರಬೇಕೆಂಬುದು ಫ್ರಿಕ್‌ನ ಆಸೆಯಾಗಿತ್ತು. 1936ರ ಜೂನ್ 17ರಂದು ಹಿಟ್ಲರ್ ಹಿಮ್ಲರನನ್ನು ಪೊಲೀಸ್ ಮುಖ್ಯಸ್ಥನನ್ನಾಗಿ ಮಾಡಿದ. ಕಾಗದದ ಮೇಲೆ ಹಿಮ್ಲರ್ ಫ್ರಿಕ್‌ನ ಕೈಕೆಳಗಿನವ. ನಿಜದಲ್ಲಿ ಅವನು ಹಿಟ್ಲರನಿಗೆ ಬಿಟ್ಟರೆ ಯಾರಿಗೂ ಉತ್ತರ ಹೇಳುತ್ತಿರಲಿಲ್ಲ. ಜನರನ್ನು ಮನಸ್ಸಿಗೆ ಬಂದಂತೆ ಬಂಧಿಸುತ್ತಾರೆ ಎಂಬ ದೂರುಗಳು ಬಂದಾಗ ಫ್ರಿಕ್ ಸುತ್ತೋಲೆ ಹೊರಡಿಸಿ ನೋಡಿದ್ದ. ಯಾರೂ ಕೇಳಲಿಲ್ಲ. ಕೇಳಬೇಕಾದ ಕಾನೂನನ್ನು 1933ರಲ್ಲೇ ಆತ ತೆಗೆದುಹಾಕಿದ್ದನಲ್ಲ. 1943ರ ಆಗಸ್ಟಿನಲ್ಲಿ ಗೃಹ ಖಾತೆಯೂ ಹಿಮ್ಲರನ ಪಾಲಾಯಿತು. ಫ್ರಿಕ್‌ನನ್ನು ಪ್ರಾಗ್‌ಗೆ ಹೆಸರಿಗಷ್ಟೇ ಇದ್ದ ಒಂದು ಹುದ್ದೆಗೆ ಕಳಿಸಿದರು.

ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಫ್ರಿಕ್ ವಿರುದ್ಧ ಅಮೆರಿಕದ ಪರವಾಗಿ ವಾದ ಮಂಡಿಸಿದವರು ರಾಬರ್ಟ್ ಕೆಂಪ್ನರ್. ಇವರೂ ಒಂದು ಕಾಲದಲ್ಲಿ ಪೊಲೀಸ್ ಇಲಾಖೆಯವರೇ. ಬರ್ಲಿನ್‌ನಲ್ಲಿ, ಪ್ರಷ್ಯಾ ರಾಜ್ಯದ ಗೃಹ ಸಚಿವಾಲಯದಲ್ಲಿ ಪೊಲೀಸರಿಗೆ ಕಾನೂನು ಸಲಹೆಗಾರರಾಗಿದ್ದರು. ನಾಜಿ ಪಕ್ಷವನ್ನು ನಿಷೇಧಿಸಬೇಕೆಂದು ಮೊದಲೇ ವಾದಿಸಿದ್ದವರು. 1933ರಲ್ಲಿ ಕೆಲಸ ಹೋಯಿತು, ಮುಂದೆ ಜರ್ಮನ್ ಪೌರತ್ವವೂ ಹೋಯಿತು. ಒಂದೇ ದೇಶದ ಇಬ್ಬರು ಕಾನೂನು ಓದಿದವರು, ಇಬ್ಬರ ಮೇಜಿಗೂ ಅದೇ ಪಕ್ಷದ ಕಡತ ಬಂದಿತ್ತು. ಒಬ್ಬರು ಅಪಾಯವೆಂದು ಬರೆದರು, ಇನ್ನೊಬ್ಬ ಅನುಮತಿ ಕೊಟ್ಟ.

ತನ್ನ ಪರವಾಗಿ ಸಾಕ್ಷಿ ಹೇಳಲು ಫ್ರಿಕ್ ಕಟಕಟೆ ಹತ್ತಲಿಲ್ಲ. ಆರೋಪಿಗಳಲ್ಲಿ ಹಾಗೆ ಸುಮ್ಮನಿದ್ದವರು ಹೆಸ್ ಮತ್ತು ಫ್ರಿಕ್ ಇಬ್ಬರೇ. ಆತ ಮಾತಾಡಬೇಕಾದ ಅಗತ್ಯವೂ ಇರಲಿಲ್ಲ. ಸಹಿಗಳೇ ಸಾಕಾಗಿದ್ದವು. ರೋಗಿಗಳು, ಮಾನಸಿಕ ಅಸ್ವಸ್ಥರು, ವೃದ್ಧರನ್ನು ಕೊಲ್ಲುತ್ತಿರುವ ದೂರುಗಳು ಕಚೇರಿಗೆ ಬಂದಿದ್ದರೂ ತಡೆಯಲಿಲ್ಲ ಎಂಬುದನ್ನೂ ನ್ಯಾಯಾಲಯ ದಾಖಲಿಸಿತು. 1946ರ ಅಕ್ಟೋಬರ್ 16ರಂದು 69ನೇ ವಯಸ್ಸಿನಲ್ಲಿ ಗಲ್ಲಿಗೇರಿಸಿದರು. ಶವ ಸುಟ್ಟದ್ದು ಅವನು ಪೊಲೀಸ್ ಆಗಿದ್ದ ಮ್ಯೂನಿಕ್‌ನಲ್ಲೇ. ಬೂದಿಯನ್ನು ಇಸಾರ್ ನದಿಗೆ ಸೇರುವ ಒಂದು ಹಳ್ಳದಲ್ಲಿ ಬಿಟ್ಟರು.

ಈಗ ನನ್ನ ಕಾರಣ. ಜರ್ಮನಿಗೆ ಹೋಗುವ ಕೆಲವು ತಿಂಗಳ ಮುಂಚೆ, ಬಾಡಿಗೆದಾರರ ಪೂರ್ವಾಪರ ನೋಡುವ ಒಂದು ಸಾಫ್ಟ್‌ವೇರಿನಲ್ಲಿ ಬದಲಾವಣೆ ಬಂದಿತ್ತು. ಸ್ವಂತ ರಾಜ್ಯ, ಮಾತೃಭಾಷೆ ಎಂಬ ಎರಡು ಕಾಲಂ ಸೇರಿಸಿ, ಅವುಗಳ ಮೇಲೂ ಅಂಕ ಕಳೆಯಬೇಕು. ರಿವ್ಯೂ ನನ್ನದು. ಕೋಡ್ ಸರಿಯಿತ್ತು, ಟೆಸ್ಟ್ ಪಾಸಾಗಿತ್ತು. ನಾಲ್ಕೇ ನಿಮಿಷದಲ್ಲಿ ಅಪ್ರೂವ್ ಒತ್ತಿದೆ. ಪುಣೆಗೆ ಬಂದ ಹೊಸತರಲ್ಲಿ ಕರ್ನಾಟಕದವನೆಂದು ತಿಳಿದ ಕೂಡಲೇ ಮನೆ ಇಲ್ಲ ಅನ್ನಿಸಿಕೊಂಡವನೂ ನಾನೇ. ಒತ್ತುವಾಗ ಅದು ನೆನಪಾಗಲಿಲ್ಲ.

ಎರಡು ಕಾಲಮ್ಮಿಗೂ ಆ ಕಾನೂನುಗಳಿಗೂ ಹೋಲಿಕೆಯಿಲ್ಲ, ಅದು ನನಗೆ ಗೊತ್ತು. ಆದರೆ ಆ ನಾಲ್ಕು ನಿಮಿಷ ನನಗೆ ಸರಿಯಾಗಿ ಕಾಣುತ್ತಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಡತದ ಕೊನೆಯ ಹಾಳೆಯವರೆಗೂ ಓದದೆ ಸಹಿ ಹಾಕುತ್ತಿರಲಿಲ್ಲವೆಂದು ಅವರನ್ನು ನಿಧಾನಿ ಎಂದು ಆಡಿಕೊಳ್ಳುತ್ತಿದ್ದರು. ನ್ಯೂರೆಂಬರ್ಗಿನಿಂದ ಬಂದ ಮೇಲೆ ಆ ಹಳೆಯ ಬದಲಾವಣೆ ತೆಗೆದು, ಈ ಕಾಲಂ ಯಾಕೆ ಬೇಕು ಎಂದು ಕೇಳಿದೆ. ಅಂಕ ಕಳೆಯುವ ಭಾಗ ತೆಗೆಸಲು ಎರಡು ತಿಂಗಳು ಹಿಡಿಯಿತು. ಕಾಲಂಗಳು ಈಗಲೂ ಇವೆ. ಕೇಳುವುದನ್ನು ನಾನೂ ನಿಲ್ಲಿಸಿಲ್ಲ.