ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪು

ಮೂಡಲಗಿಯಿಂದ ಪೂರ್ವಕ್ಕೆ ಹೋದರೆ ಕವಿ ರನ್ನನ ಊರು ಮುಧೋಳ. ಆತನಿಗೆ ಆಶ್ರಯವಿತ್ತು 993ರಲ್ಲಿ 'ಅಜಿತಪುರಾಣ' ಬರೆಸಿದ ಅತ್ತಿಮಬ್ಬೆಯನ್ನು ಕನ್ನಡ ಪುಸ್ತಕಗಳ ಅಜ್ಜಿ ಎಂದರೆ ತಪ್ಪಿಲ್ಲ.

ಪತಿ ನಾಗದೇವ ಯುದ್ಧದಲ್ಲಿ ಮಡಿದಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆಯೇರಿದರು. ಅತ್ತಿಮಬ್ಬೆ ಏರಲಿಲ್ಲ. ಮಗ ಅಣ್ಣಿಗದೇವನಿಗಾಗಿ ಉಳಿದರು. ಮುಂದಿನ ಆಯುಷ್ಯವನ್ನು ಜೈನಧರ್ಮದ ವ್ರತ, ದಾನಗಳಿಗೆ ಮುಡಿಪಿಟ್ಟರು.

ಪೊನ್ನನ 'ಶಾಂತಿಪುರಾಣ' ಅಳಿದುಹೋಗಬಾರದೆಂದು 1000 ಓಲೆಯ ಪ್ರತಿಗಳನ್ನು ಮಾಡಿಸಿ ಹಂಚಿದರು. ಆಗ ಅಚ್ಚುಕೂಟವಿರಲಿಲ್ಲ, ಲಿಪಿಕಾರರು ಒಂದೊಂದು ಅಕ್ಷರವನ್ನೂ ಕೈಯಿಂದಲೇ ಕೊರೆಯಬೇಕಿತ್ತು. ಧರ್ಮಕೇಂದ್ರದ ಪತ್ರಿಕೆಗೆ ನೂರು ಪ್ರತಿ ತೆಗೆಯಲೂ ಪರದಾಡುವ ನಮ್ಮಂಥವರಿಗೆ ಅದರ ಖರ್ಚು, ಶ್ರಮ ಚೆನ್ನಾಗಿ ಅರ್ಥವಾದೀತು!

ಗದಗಿನ ಬಳಿ ಲಕ್ಕುಂಡಿಯಲ್ಲಿ ಅವರು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. 1007ರ ಶಾಸನವೂ ಅಲ್ಲಿದೆ.