ಮಕ್ಕಳ ಭಯಕ್ಕೆ ಮಾತು ಕೊಟ್ಟ ಪಂಜೆ ಮಂಗೇಶರಾಯರು

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಈ ಶಾಲೆಯಲ್ಲಿ ಕನ್ನಡ ಪಾಠ ಮಾಡಿದಷ್ಟು ವರ್ಷವೂ ನನ್ನ ಜೊತೆಗಿದ್ದವರು ಪಂಜೆ ಮಂಗೇಶರಾಯರು. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ‘ನಾಗರಹಾವೇ’ ಪದ್ಯವನ್ನು ಕೈಯಲ್ಲಿ ಹೆಡೆ ಮಾಡಿ ಹಾಡದವರು ತೀರ ಕಡಿಮೆ. ಹಾಡಿದವರಿಗೆಲ್ಲ ಪಂಜೆಯವರ ಹೆಸರು ಗೊತ್ತು. ಆದರೆ ಅವರು ನಮ್ಮ ಹಾಗೆಯೇ ಸರಕಾರಿ ಸಂಬಳದ ಮಾಸ್ತರರಾಗಿದ್ದರು, ಬದುಕಿನ ಬಹುಭಾಗವನ್ನು ಶಾಲೆ, ಹಾಜರಿ ಪುಸ್ತಕ, ತಪಾಸಣೆಗಳಲ್ಲೇ ಕಳೆದರು ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ನಾನು ಹೇಳಬೇಕೆಂದಿರುವುದು ಆ ಮಾಸ್ತರರ ವಿಷಯ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ಹಿರಿಯರ ಮೂಲ ಊರು ಪಂಜ. ಅದರಿಂದ ಮನೆತನದ ಹೆಸರು. ಬಂಟ್ವಾಳವೆಂದರೆ ನೇತ್ರಾವತಿಯ ದಡ. ಮಳೆಗಾಲದಲ್ಲಿ ನೆರೆ ಏರಿದರೆ ಪೇಟೆಗೇ ನೀರು ಬರುವ ಊರು. ಮನೆಯಲ್ಲಿ ಬಡತನವಿತ್ತು. ಮನೆಮಾತು ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಗೆ ಹೋದರೆ ಕನ್ನಡ, ಮೇಲಿನ ತರಗತಿಗೆ ಇಂಗ್ಲಿಷು. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಈ ನಾಲ್ಕು ಭಾಷೆಗಳ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅಳುವುದು ಒಂದು ಭಾಷೆಯಲ್ಲಿ, ಆಡುವುದು ಇನ್ನೊಂದರಲ್ಲಿ, ಬರೆಯುವುದು ಮತ್ತೊಂದರಲ್ಲಿ ಎಂಬ ಪರಿಸ್ಥಿತಿ ಅವರದು. ಇವತ್ತಿಗೂ ನಮ್ಮ ಮಕ್ಕಳದು ಅದೇ.

ಬಂಟ್ವಾಳದಿಂದ ಮಂಗಳೂರಿಗೆ ಬಂದು ಓದಿದರು. 1896ರಲ್ಲಿ ಇಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. ಹಂಪನಕಟ್ಟೆಯಲ್ಲಿ ಇಂದು ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯುವುದು ಅದನ್ನೇ. ಮುಂದೆ ರಾಷ್ಟ್ರಕವಿಯಾದ ಮಂಜೇಶ್ವರ ಗೋವಿಂದ ಪೈಗಳು ಪಂಜೆಯವರಲ್ಲಿ ಕನ್ನಡ ಕಲಿತವರು. ಇದೊಂದನ್ನೇ ಹೇಳಿದರೂ ಬೇರೆ ಮಾಸ್ತರರಿಗೆ ಜನ್ಮಕ್ಕೆ ಸಾಕಾಗುತ್ತಿತ್ತು.

1900ರಲ್ಲಿ ಬೆನೆಗಲ್ ರಾಮರಾಯರು ಮಂಗಳೂರಿನಿಂದ ‘ಸುವಾಸಿನಿ’ ಎಂಬ ಮಾಸಪತ್ರಿಕೆ ತಂದರು. ಅದರಲ್ಲಿ ಹರಟೆಮಲ್ಲ ಎಂಬ ಹೆಸರಿನಿಂದ ಪಂಜೆಯವರು ಕಥೆ, ಹರಟೆ ಬರೆದರು. ‘ನನ್ನ ಚಿಕ್ಕ ತಾಯಿ’ ಬಂದದ್ದು ಅದರಲ್ಲಿಯೇ. ಕನ್ನಡದ ಸಣ್ಣಕಥೆಯ ಚರಿತ್ರೆ ಬರೆಯುವವರು ಅಲ್ಲಿಂದ ಆರಂಭಿಸುವುದುಂಟು. ಪದ್ಯಗಳಿಗೆ ಮಾತ್ರ ಕವಿಶಿಷ್ಯ ಎಂಬ ಅಂಕಿತ. ತಾನು ಕವಿಯಲ್ಲ, ಕವಿಗಳ ಶಿಷ್ಯ ಎಂಬ ವಿನಯ. ಈ ವಿನಯವನ್ನು ನಮ್ಮ ವಿಮರ್ಶಕರು ಸ್ವಲ್ಪ ಹೆಚ್ಚಾಗಿಯೇ ನಂಬಿಬಿಟ್ಟರು ಎಂದು ನನಗೆ ಅನಿಸುತ್ತದೆ.

ಕಾಲೇಜಿನಿಂದ ಅವರು ಶಾಲಾ ಇನ್ಸ್‌ಪೆಕ್ಟರ ಕೆಲಸಕ್ಕೆ ಹೋದರು. ಇನ್ಸ್‌ಪೆಕ್ಟರರು ಬರುತ್ತಾರೆಂದರೆ ಶಾಲೆಗೆ ಶಾಲೆಯೇ ನಡುಗುವ ಕಾಲ ಅದು. ಮಾಸ್ತರರಿಗೆ ಹೆದರಿಕೆ, ಮಾಸ್ತರರ ಹೆದರಿಕೆ ನೋಡಿ ಮಕ್ಕಳಿಗೆ ಇನ್ನೂ ಹೆದರಿಕೆ. ಅಂಥ ಹುದ್ದೆಯಲ್ಲಿದ್ದ ಪಂಜೆಯವರು ಮಕ್ಕಳ ನಡುವೆ ಕುಳಿತು ಕಥೆ ಹೇಳಿ, ಹಾಡಿ ಬರುತ್ತಿದ್ದರೆಂದು ನಮ್ಮ ಹಿರಿಯರು ಹೇಳಿಕೊಳ್ಳುತ್ತಿದ್ದರು. ಊರೂರು ತಿರುಗಿದ್ದರಿಂದ ಅವರಿಗೆ ಒಂದು ಕೊರತೆ ಕಣ್ಣಿಗೆ ಹೊಡೆಯಿತು. ಮಕ್ಕಳ ಬಾಯಲ್ಲಿದ್ದದ್ದು ಶತಕಗಳು, ಜೈಮಿನಿಯ ಷಟ್ಪದಿಗಳು. ದೊಡ್ಡವರಿಗೇ ಅರ್ಥ ಹೇಳಬೇಕಾದ ಪದ್ಯಗಳು. ಮಗುವಿನ ಮನಸ್ಸಿನಲ್ಲಿ ನಡೆಯುವುದನ್ನು ಮಗುವಿನ ಬಾಯಿಗೆ ದಕ್ಕುವ ಕನ್ನಡದಲ್ಲಿ ಹೇಳುವ ಪುಸ್ತಕ ಇರಲಿಲ್ಲ ಎಂದರೂ ಸರಿಯೇ. ಹಾಗಾಗಿ ತಾವೇ ಬರೆದರು, ಇತರರಿಂದ ಬರೆಯಿಸಿದರು, ಪದ್ಯಪುಸ್ತಕಗಳನ್ನು ಸಂಪಾದಿಸಿದರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಹಳಗನ್ನಡ ಬಾರದ್ದರಿಂದ ಸುಲಭದ ದಾರಿ ಹಿಡಿದರೆಂದು ಯಾರೂ ತಿಳಿಯಬಾರದು. ಕಿಟೆಲರು ಸಂಪಾದಿಸಿದ್ದ ಕೇಶಿರಾಜನ ಶಬ್ದಮಣಿದರ್ಪಣವನ್ನು 1920ರಲ್ಲಿ ಪೀಠಿಕೆ, ಟಿಪ್ಪಣಿಗಳೊಂದಿಗೆ ಮತ್ತೆ ಹೊರತಂದವರು ಇವರೇ. ಅಷ್ಟು ವ್ಯಾಕರಣ ಬಲ್ಲವರು ಬೇಕೆಂದೇ ಮಕ್ಕಳ ಮಾತಿಗೆ ಬಂದರು.

ಈಗ ‘ನಾಗರಹಾವೇ’ ಪದ್ಯಕ್ಕೆ ಬರುತ್ತೇನೆ. ಅದನ್ನು ನಾವು ಅಭಿನಯಗೀತೆ ಮಾಡಿ ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿಸಿ ಕಳಿಸುತ್ತೇವೆ. ನಿಧಾನವಾಗಿ ಓದಿದರೆ ಅದು ಬೇರೆಯೇ ಪದ್ಯ. ನಮ್ಮ ಕರಾವಳಿಯಲ್ಲಿ ಹಾವು ಬರಿಯ ಹಾವಲ್ಲ. ಕುಟುಂಬಕ್ಕೊಂದು ನಾಗಬನ, ನಾಗರಪಂಚಮಿಗೆ ಹಾಲು, ಸೀಯಾಳದ ಅಭಿಷೇಕ. ಕುಡುಪುವಿನಲ್ಲಿ ಷಷ್ಠಿಯ ದಿನ ಕಾಲಿಡಲು ಜಾಗವಿರುವುದಿಲ್ಲ. ಅದೇ ಹಾವು ಹಿತ್ತಿಲಲ್ಲಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ಪೂಜಿಸುವುದಕ್ಕೂ ಅದೇ, ಓಡುವುದಕ್ಕೂ ಅದೇ. ಪಂಜೆಯವರ ಪದ್ಯದಲ್ಲಿ ಮಗು ಮೊದಲು ಹಾವನ್ನು ಬಾ ಎಂದು ಕರೆಯುತ್ತದೆ, ಹೊಗಳುತ್ತದೆ, ಹಾಲು ಕೊಡುತ್ತೇನೆ ಎನ್ನುತ್ತದೆ, ತಲೆಯಲ್ಲಿ ರತ್ನವಿದೆಯೋ ಎಂದು ವಿಚಾರಿಸುತ್ತದೆ. ಕೊನೆಗೆ ಅದೇ ಮಗು ಅಡ್ಡಬಿದ್ದು ಹೋಗು ಎಂದು ಬೇಡಿಕೊಳ್ಳುತ್ತದೆ. ಹೊರಗೆ ಚಂದ, ಒಳಗೆ ಬೇರೇನೋ ಇದೆ ಎಂಬುದು ಅದಕ್ಕೆ ಅಷ್ಟರೊಳಗೆ ತಿಳಿದಿದೆ. ಪ್ರೀತಿಯೂ ಹೆದರಿಕೆಯೂ ಒಂದೇ ಕಡೆಗೆ ಹುಟ್ಟುವ ಕಷ್ಟ ಇದು. ಭಯವೆಂಬ ಪದ ಬಳಸದೆ, ಉಪದೇಶದ ಒಂದು ಸಾಲೂ ಇಲ್ಲದೆ, ಪಂಜೆಯವರು ಅದನ್ನು ಮಗುವಿನ ಕಣ್ಣೆದುರು ನಿಲ್ಲಿಸಿಬಿಟ್ಟರು.

ನಾವು ಅಲಂಕಾರವನ್ನು ಹೇಗೆ ಕಲಿಸುತ್ತೇವೆಂದು ಶಿಕ್ಷಕರಿಗೆ ಗೊತ್ತೇ ಇದೆ. ಸೀತೆಯ ಮುಖ ಕಮಲದಂತೆ ಅರಳಿತು; ಉಪಮೇಯ ಯಾವುದು, ಉಪಮಾನ ಯಾವುದು, ವಾಚಕ ಪದ ಯಾವುದು; ಮೂರು ಅಂಕ. ಕಮಲ ಅರಳುವುದನ್ನು ನೋಡಿದ ಮಗು ತರಗತಿಯಲ್ಲಿ ಒಂದೂ ಇರುವುದಿಲ್ಲ. ಲಕ್ಷಣ ಕಲಿಸಬಾರದೆಂದು ನಾನು ಹೇಳುವುದಿಲ್ಲ, ಪರೀಕ್ಷೆ ಇದೆಯಲ್ಲ. ಆದರೆ ಎಂಟನೆಯ ತರಗತಿಯಲ್ಲಿ ಒಂದು ವರ್ಷ ಈ ಪದ್ಯವನ್ನು ಮತ್ತೆ ತೆಗೆದುಕೊಂಡು, ಬಾ ಎಂದದ್ದು ಯಾಕೆ, ಹೋಗು ಎಂದದ್ದು ಯಾಕೆ ಎಂದಷ್ಟೇ ಕೇಳಿದೆ. ಆಮೇಲೆ ನಿಮ್ಮ ಮನೆಯ ಹತ್ತಿರ ನಿಮಗೆ ಬೇಕಾದದ್ದೂ ಹೌದು, ಹೆದರಿಕೆಯದ್ದೂ ಹೌದು ಎನ್ನುವಂಥದ್ದು ಏನಿದೆ, ಅದರ ಹೆಸರು ಹೇಳದೆ ಅದು ಏನಿನ ಹಾಗೆ ಇದೆಯೆಂದು ಬರೆಯಿರಿ ಎಂದೆ. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಗಟ್ಟಿಯಾಗಿ ಓದಿಸುವುದೂ ಇಲ್ಲ ಎಂದು ಮೊದಲೇ ಹೇಳಿದ್ದೆ.

ನದಿಯ ಬದಿಯಿಂದ ಬರುವ ಒಬ್ಬ ಹುಡುಗ ಭರತ-ಇಳಿತದ ಬಗ್ಗೆ ಬರೆದ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಬೆಳಗ್ಗೆ ನೀರು ತುಂಬ ಒಳ್ಳೆಯದು, ಮೆಟ್ಟಿಲ ಕೆಳಗೆ ನಿಂತು ತಮಾಷೆ ಮಾಡುತ್ತದೆ, ತನ್ನನ್ನು ಹೆಗಲ ಮೇಲೆ ಹೊರುತ್ತದೆ. ಸಂಜೆಯಾದರೆ ಏರುತ್ತದೆ. ಅಮ್ಮ ಪಾತ್ರೆಗಳನ್ನು ಅಟ್ಟಕ್ಕೆ ಇಡುತ್ತಾಳೆ, ತಂಗಿಯನ್ನು ಒಳಗೆ ಮಲಗಿಸುತ್ತಾಳೆ. ರಾತ್ರಿ ಎಷ್ಟು ಮೆಟ್ಟಿಲು ಏರುತ್ತದೆಂದು ಅವನು ಎಣಿಸುತ್ತಾನೆ. ಹೆಗಲ ಮೇಲೆ ಹೊರುವ ನೀರು ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಅಪ್ಪ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದರೆ ಅವನು ಗೈಡಿನಲ್ಲಿ ಇರುವುದನ್ನು ಬರೆಯುತ್ತಿದ್ದ. ನಾನು ಪುಸ್ತಕದ ಅಂಚಿನಲ್ಲಿ, ನೀರು ಎಲ್ಲಿಯವರೆಗೆ ಏರಿದರೆ ಯಾರನ್ನು ಕರೆಯಬೇಕೆಂದು ನಿನಗೆ ಗೊತ್ತಿದೆಯೇ ಎಂದು ಕೇಳಿ ಬರೆದೆ. ಅವನು ಎರಡು ದಿನ ಬಿಟ್ಟು ಉತ್ತರ ಬರೆದ. ಮುಂದಿನದನ್ನು ಮುಖ್ಯೋಪಾಧ್ಯಾಯರೂ ನಾನೂ ಅವನ ಮನೆಗೆ ಹೋಗಿ ಮಾತಾಡಿದೆವು. ಇಲ್ಲಿ ಶಿಕ್ಷಕರಿಗೆ ಒಂದು ಮಾತು: ಮಗು ಬರೆದದ್ದು ಚಂದವಾಗಿದೆಯೆಂದು ಶಹಬ್ಬಾಸ್ ಹೇಳಿ ಪುಸ್ತಕ ಮುಚ್ಚುವ ಹಾಗಿಲ್ಲ. ಬೇಕಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಪಂಜೆಯವರ ಕಥೆಗಳಲ್ಲಿ ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬುದೊಂದಿದೆ. ಹೆಸರು ಕೇಳಿದರೇ ನಗು ಬರುತ್ತದೆ. ನಮ್ಮ ಅಜ್ಜಿಯಂದಿರ ಕಥೆಗಳ ಹಾಗೆ ಒಂದಕ್ಕೆ ಒಂದು ಕೊಂಡಿ ಹಾಕಿಕೊಂಡು ಹೋಗುವ ಧಾಟಿ. ಆದರೆ ಆ ಹೆಸರಿನಲ್ಲಿರುವುದು ದುಃಖವೇ. ಸತ್ತದ್ದು ಹೇನಿನಷ್ಟು ಸಣ್ಣದು, ಸೊರಗಿದ್ದು ಇನ್ನೊಬ್ಬರು. ಅಜ್ಜಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಶಾಲೆಗೆ ಮರಳಿದ ಮೇಲೆ ವಾರಗಟ್ಟಲೆ ಮಾತೇ ಆಡಿರಲಿಲ್ಲ. ಈ ಕಥೆ ಹೇಳಿ ಇದೇ ತರಹ ಕೊಂಡಿ ಹಾಕಿ ಎಂದಾಗ ಅವಳು ಬರೆದ ಸರಪಳಿ ಹೀಗಿತ್ತು: ಅಜ್ಜಿ ಹೋದಳು, ಎಲೆಅಡಿಕೆಯ ಹರಿವಾಣ ಖಾಲಿಯಾಯಿತು, ಸುಣ್ಣದ ಡಬ್ಬಿ ಗಟ್ಟಿಯಾಯಿತು, ಬೆಕ್ಕು ಬಾಗಿಲಿಗೆ ಬರುವುದನ್ನು ಬಿಟ್ಟಿತು, ಮಲ್ಲಿಗೆ ಗಿಡಕ್ಕೆ ನೀರು ತಪ್ಪಿತು, ಹೂ ಇಲ್ಲದ ಜಡೆ ಶಾಲೆಗೆ ಬಂತು. ತಾನು ಅತ್ತೆನೆಂದು ಎಲ್ಲಿಯೂ ಬರೆದಿಲ್ಲ. ಮನೆಯಲ್ಲಿ ತುಳು ಮಾತಾಡುವ ಹುಡುಗಿ ಅವಳು. ಶೋಕ, ವಿಷಾದ, ಅಗಲಿಕೆ ಎಂಬ ಕನ್ನಡ ಶಬ್ದಗಳು ಅವಳಿಗೆ ಪಠ್ಯಪುಸ್ತಕದ ಶಬ್ದಗಳು. ಹರಿವಾಣ, ಬೆಕ್ಕು, ಮಲ್ಲಿಗೆ ಹಾಗಲ್ಲ. ಪಂಜೆಯವರು ಕೊಂಕಣಿ, ತುಳುಗಳ ನಡುವೆ ಬೆಳೆದು ಕನ್ನಡದಲ್ಲಿ ಬರೆದದ್ದನ್ನು ಮೊದಲೇ ಹೇಳಿದ್ದು ಇದಕ್ಕಾಗಿ. ತಿಳಿಯದ ಭಾಷೆಯಲ್ಲಿ ಮನಸ್ಸಿನ ಹೆಸರುಗಳು ಕಷ್ಟ, ವಸ್ತುಗಳ ಹೆಸರುಗಳು ಸುಲಭ. ಅವರ ಪದ್ಯಗಳಲ್ಲಿ ಭಾವದ ಹೆಸರು ಎಷ್ಟು ಕಡಿಮೆ, ಹಾವು, ಗಾಳಿ, ಕಾಗೆ, ಇಲಿ ಎಷ್ಟು ಹೆಚ್ಚು ಎಂದು ಬೇಕಾದರೆ ಎಣಿಸಿ ನೋಡಬಹುದು.

‘ತೆಂಕಣ ಗಾಳಿಯಾಟ’ದ ವಿಷಯವೂ ಅಷ್ಟೇ. ಕಡಲ ಬದಿಯ ಮಳೆಗಾಲದ ಗಾಳಿ ಏನೆಂದು ಇಲ್ಲಿಯವರಿಗೆ ಬರೆದು ತಿಳಿಸಬೇಕಾಗಿಲ್ಲ. ಹಂಚು ಹಾರುತ್ತದೆ, ತೆಂಗು ಬೀಳುತ್ತದೆ, ಬೋಟು ದಕ್ಕೆಗೆ ಬಾರದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಆ ಗಾಳಿಯನ್ನು ಪಂಜೆಯವರು ಆಟವೆಂದು ಕರೆದು, ಹಾಡುವ ಮಗು ತಾನೇ ಗಾಳಿಯಾಗಿ ಕುಣಿಯುವ ಹಾಗೆ ಲಯ ಕಟ್ಟಿದರು. ಸಿಟ್ಟು ಬಂದ ಮಕ್ಕಳಿಗೆ ನಾನು ಇದನ್ನು ಹಾಡಿಸುತ್ತಿದ್ದೆ. ಸಿಟ್ಟು ಇಳಿಯುತ್ತಿತ್ತೋ ಇಲ್ಲವೋ, ಗಂಟಲಂತೂ ಬಿಚ್ಚುತ್ತಿತ್ತು.

ಮಂಗಳೂರಿನಲ್ಲಿ ಶಿಕ್ಷಕರ ತರಬೇತಿ ಶಾಲೆಯಲ್ಲಿಯೂ ಕೆಲಸ ಮಾಡಿದ ಪಂಜೆಯವರು ಮುಂದೆ ಕೊಡಗಿಗೆ ಹೋಗಿ ಮಡಿಕೇರಿಯ ಸರಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅಲ್ಲಿ ಬರೆದ ‘ಹುತ್ತರಿ ಹಾಡು’ ಇಂದಿಗೂ ಕೊಡಗಿನವರಿಗೆ ತಮ್ಮ ಮನೆಯ ಹಾಡು. ಹೊರಗಿನಿಂದ ಬಂದ ಮಾಸ್ತರರೊಬ್ಬರು ಊರಿನ ಬೆಟ್ಟ, ಹೊಳೆ, ಸುಗ್ಗಿಗಳನ್ನು ನೋಡಿ ಆ ಊರಿನವರೇ ಹಾಡಿಕೊಳ್ಳುವಂಥದ್ದನ್ನು ಬರೆಯುವುದು ಸಣ್ಣ ಕೆಲಸವಲ್ಲ. ನಮ್ಮ ತುಳುನಾಡಿಗೂ ಅವರ ಋಣವಿದೆ: ಪಾಡ್ದನಗಳಲ್ಲಿದ್ದ ಕೋಟಿ ಚೆನ್ನಯರ ಕಥೆಯನ್ನು ಕನ್ನಡದ ಗದ್ಯಕ್ಕೆ ತಂದುಕೊಟ್ಟವರು ಅವರು. ಅವಳಿ ವೀರರ ಆ ಸಾವನ್ನು ಓದಿ ಹೇಳುವಾಗ ತರಗತಿಯ ತುಂಟರೂ ಸುಮ್ಮನಾಗುತ್ತಿದ್ದರು.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಆಡಳಿತದಲ್ಲಿತ್ತು. ಮಕ್ಕಳ ಪದ್ಯ ಬರೆಯುವ ನಿವೃತ್ತ ಮಾಸ್ತರರಿಗೆ ಆ ಪೀಠ ಸಿಕ್ಕಿದ್ದು ಸರಕಾರಿ ಶಾಲೆಗಳ ಶಿಕ್ಷಕರೆಲ್ಲ ಹೆಮ್ಮೆಪಡಬೇಕಾದ ಸಂಗತಿ. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರಿನಲ್ಲಿ, ಹೈದರಾಬಾದಿನಲ್ಲಿ ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಅವರ ಬರಹಗಳು ಆಮೇಲೆ ಸಂಪುಟಗಳಾಗಿ ಬಂದಿವೆ. ನಮ್ಮ ಶಾಲೆಯ ಗ್ರಂಥಾಲಯದ ಎರಡನೆಯ ಕಪಾಟಿನಲ್ಲಿ ಮಕ್ಕಳ ಪದ್ಯಗಳ ಒಂದು ಪ್ರತಿ ಇದೆ. ಹೊಲಿಗೆ ಬಿಟ್ಟಿದೆ, ‘ನಾಗರಹಾವೇ’ ಇದ್ದ ಹಾಳೆಯನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ನನಗೆ ಅದರ ಬಗ್ಗೆ ಬೇಸರವಿಲ್ಲ. ಮಹೋತ್ಸವಕ್ಕೆ ಬರುವ ಹಳೆ ವಿದ್ಯಾರ್ಥಿಗಳು ಹಾರ, ಶಾಲು ತರುವ ಬದಲು ಎಂಟನೆಯ ತರಗತಿಯ ಬೆಂಚಿಗೊಂದರಂತೆ ಪಂಜೆಯವರ ಪುಸ್ತಕ ತಂದುಕೊಟ್ಟರೆ, ಈಗಿನ ಕನ್ನಡ ಟೀಚರು ಅದನ್ನು ಜೂನ್ ತಿಂಗಳಿನಿಂದಲೇ ಬಳಸುತ್ತೇನೆ ಎಂದಿದ್ದಾರೆ.