ಸ್ತನ ಉಳಿಸಲು ಹೊರಟ ಶಸ್ತ್ರವೈದ್ಯ ಜೆಫ್ರಿ ಕೇನ್ಸ್

ಬೆಂಗಳೂರು: ಸ್ತನ ಕ್ಯಾನ್ಸರ್ ಎಂದೊಡನೆ ಇಡೀ ಸ್ತನವನ್ನೇ ತೆಗೆಯುವ ಕಾಲ ಈಗಿಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರ ಭಾಗದ ದೊಡ್ಡ ಆಸ್ಪತ್ರೆಗಳಲ್ಲಿ ಗಡ್ಡೆಯನ್ನಷ್ಟೇ ತೆಗೆದು ಸ್ತನವನ್ನು ಉಳಿಸುವ ಶಸ್ತ್ರಚಿಕಿತ್ಸೆ ಇಂದು ಲಭ್ಯ. ಆದರೆ ಒಳಗೆ ಇನ್ನೂ ಕ್ಯಾನ್ಸರ್ ಉಳಿದಿರಬಹುದೇ ಎಂಬ ಆತಂಕ ರೋಗಿಯನ್ನೂ ವೈದ್ಯರನ್ನೂ ಕಾಡುತ್ತದೆ. ಶತಮಾನದ ಹಿಂದೆಯೇ ಈ ಪ್ರಶ್ನೆಯನ್ನು ಎದುರಿಸಿ ಹೊಸ ಹಾದಿ ತುಳಿದವರು ಲಂಡನ್ನಿನ ಸರ್ ಜೆಫ್ರಿ ಕೇನ್ಸ್.

1887ರ ಮಾರ್ಚ್ 25ರಂದು ಕೇಂಬ್ರಿಜ್‌ನಲ್ಲಿ ಜನಿಸಿದ ಜೆಫ್ರಿ, ಪ್ರಸಿದ್ಧ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ಕಿರಿಯ ಸಹೋದರ. ಪತ್ನಿ ಮಾರ್ಗರೆಟ್, ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಅವರ ಮೊಮ್ಮಗಳು. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದ ಅವರು ಗಾಯಾಳುಗಳಿಗೆ ರಕ್ತ ನೀಡುವ ಕಾರ್ಯದಲ್ಲಿ ನುರಿತರು. 1922ರಲ್ಲಿ ಆ ಕುರಿತು ಗ್ರಂಥವನ್ನೂ ಹೊರತಂದರು.

ಹಾಲ್‌ಸ್ಟೆಡ್ ಸಂಪ್ರದಾಯ

ಆಗ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅವರ ಮಾತೇ ಅಂತಿಮವಾಗಿತ್ತು. ಏನೂ ಉಳಿಯಬಾರದೆಂದು ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನು ಒಟ್ಟಾಗಿ ತೆಗೆಯಲಾಗುತ್ತಿತ್ತು. ಬದುಕುಳಿದವರು ವಿರೂಪಗೊಂಡ ಎದೆ, ಊದಿದ ತೋಳಿನೊಂದಿಗೆ ಬಾಳಬೇಕಿತ್ತು. ಇಷ್ಟಾದರೂ ಅನೇಕರಲ್ಲಿ ರೋಗ ಮರುಕಳಿಸುತ್ತಿತ್ತು.

ರೇಡಿಯಂ ಸೂಜಿಗಳು

ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯಲ್ಲಿ ಕೇನ್ಸ್ 1920ರ ದಶಕದಲ್ಲಿ ಬೇರೆ ದಾರಿ ಹುಡುಕಿದರು. ರೇಡಿಯಂ ತುಂಬಿದ ಸೂಜಿಗಳನ್ನು ಗಡ್ಡೆಯ ಸುತ್ತ, ಕಂಕುಳಿನಲ್ಲಿ, ಪಕ್ಕೆಲುಬುಗಳ ನಡುವೆ ಇರಿಸಿ ಕೆಲವು ದಿನ ಬಿಡುತ್ತಿದ್ದರು. ಮೊದಲಿಗೆ ಶಸ್ತ್ರಚಿಕಿತ್ಸೆಗೆ ಒಗ್ಗದ ರೋಗಿಗಳಿಗೆ ಮಾತ್ರ ಈ ಪ್ರಯೋಗ ನಡೆಯಿತು. ಫಲ ಕಂಡ ಬಳಿಕ ಗಡ್ಡೆಯನ್ನಷ್ಟೇ ತೆಗೆದು, ಕಣ್ಣಿಗೆ ಕಾಣದೆ ಉಳಿದಿರಬಹುದಾದ ರೋಗವನ್ನು ರೇಡಿಯಂಗೆ ಒಪ್ಪಿಸಿದರು.

ಸಹೋದ್ಯೋಗಿಗಳಲ್ಲಿ ಹಲವರು ಇದನ್ನು ಒಪ್ಪಲಿಲ್ಲ. 1937ರಲ್ಲಿ ಕೇನ್ಸ್ ಪ್ರಕಟಿಸಿದ ಫಲಿತಾಂಶಗಳು ದೊಡ್ಡ ಶಸ್ತ್ರಚಿಕಿತ್ಸೆಯ ಫಲಿತಾಂಶಗಳಿಗೆ ಸರಿಸಮನಾಗಿದ್ದವು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಎದುರಾಯಿತು. ಕೇನ್ಸ್ ವಾಯುಪಡೆಯ ಸಲಹಾ ಶಸ್ತ್ರವೈದ್ಯರಾಗಿ ತೆರಳಿದರು. ರೇಡಿಯಂ ಚಿಕಿತ್ಸೆ ಅಲ್ಲಿಗೇ ನಿಂತಿತು.

ಯುದ್ಧಾನಂತರ ಅವರ ಕೀರ್ತಿ ಬೇರೆಡೆ ಹಬ್ಬಿತು. ಸ್ನಾಯು ದೌರ್ಬಲ್ಯದ ಕಾಯಿಲೆಗೆ ಥೈಮಸ್ ಗ್ರಂಥಿಯನ್ನು ತೆಗೆಯುವ ಚಿಕಿತ್ಸೆಯಲ್ಲಿ ಅವರು ಬ್ರಿಟನ್ನಿನಲ್ಲಿ ಅಗ್ರಗಣ್ಯರು. ಕವಿ ವಿಲಿಯಂ ಬ್ಲೇಕ್ ಕೃತಿಗಳ ವಿದ್ವಾಂಸರೂ ಹೌದು. 1955ರಲ್ಲಿ ಸರ್ ಪದವಿ ಸಂದಿತು.

ತಡವಾಗಿ ಬಂದ ಸಮರ್ಥನೆ

ಇಟಲಿಯ ಉಂಬರ್ಟೊ ವೆರೊನೇಸಿ 701 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಸಣ್ಣ ಗಡ್ಡೆಗಳಿದ್ದವರಲ್ಲಿ ಸ್ತನದ ಒಂದು ಭಾಗ ಹಾಗೂ ಕಂಕುಳಿನ ಗ್ರಂಥಿಗಳನ್ನು ತೆಗೆದು ವಿಕಿರಣ ನೀಡಿದರೂ ಬದುಕುಳಿಯುವ ಪ್ರಮಾಣ ಕುಗ್ಗದೆಂದು ಅದು ತೋರಿಸಿತು. ಮರುವರ್ಷ, 1982ರ ಜುಲೈ 5ರಂದು, ಕೇನ್ಸ್ 95ನೇ ವಯಸ್ಸಿನಲ್ಲಿ ನಿಧನರಾದರು.

ಉಳಿದ ಕ್ಯಾನ್ಸರನ್ನು ಮೊದಲೇ ಊಹಿಸುವ ಕೆಲಸ ಇಂದು ಪ್ರಯೋಗಾಲಯಕ್ಕೆ ಬಂದಿದೆ. ತೆಗೆದ ತುಣುಕಿನ ಹೊರಮೈಗೆ ಶಾಯಿ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಶಾಯಿಗೆ ಕ್ಯಾನ್ಸರ್ ಕೋಶ ತಾಗಿದ್ದರೆ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹೀಗೆ ಮತ್ತೆ ತೆರೆದಾಗ ಎಲ್ಲರಲ್ಲೂ ಕ್ಯಾನ್ಸರ್ ಸಿಗುವುದಿಲ್ಲ. ಆದ್ದರಿಂದ ಗಡ್ಡೆಯ ಗಾತ್ರ, ಬಗೆ, ರೋಗ ತಾಗಿದ ಅಂಚುಗಳನ್ನು ಒಟ್ಟಿಗೆ ತೂಗಿ ನೋಡಲಾಗುತ್ತದೆ.

ಅಂಚು ಸ್ವಚ್ಛವೆಂದ ಮಾತ್ರಕ್ಕೆ ಅಪಾಯ ಪೂರ್ತಿ ನೀಗದು. 17 ಅಧ್ಯಯನಗಳ 10,801 ಮಹಿಳೆಯರ ಮಾಹಿತಿಯನ್ನು 2011ರಲ್ಲಿ ಒಟ್ಟುಗೂಡಿಸಿದಾಗ, ಸ್ತನ ಉಳಿಸಿ ವಿಕಿರಣ ಪಡೆಯದವರಲ್ಲಿ ಹತ್ತು ವರ್ಷದೊಳಗೆ ಶೇ 35ರಷ್ಟು ಮಂದಿಗೆ ರೋಗ ಮರಳಿತ್ತು. ವಿಕಿರಣ ಪಡೆದವರಲ್ಲಿ ಈ ಪ್ರಮಾಣ ಶೇ 19.3. ಗಡ್ಡೆ ಹೋಯಿತೆಂದು ವಿಕಿರಣ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಏಕೆ ಅಪಾಯಕಾರಿ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಕತ್ತರಿ ಎಟುಕದ ಕಡೆ ಕಿರಣ ಎಟುಕಬೇಕೆಂಬ ಕೇನ್ಸ್ ಅವರ ನಂಬಿಕೆ ಇಂದಿಗೂ ಈ ಚಿಕಿತ್ಸೆಯ ತಳಹದಿ.